ಡಾಂಬರಣ್ಣನ ಬಿಳಿ ಅಂಗಿ

ಎಲ್ಲದಕ್ಕೂ ಕಾರಣ ಒಂದು ಬಿಳಿ ಅಂಗಿ.

ಅಂಥಿಂಥ ಅಂಗಿಯಲ್ಲ. ಹೆಂಡತಿ ತಾನೇ ಅಂಗಡಿಗೆ ಹೋಗಿ, ಇದ್ದಬದ್ದ ಬಿಳಿ ಅಂಗಿಗಳನ್ನೆಲ್ಲ ಬಾಗಿಲ ಬೆಳಕಿಗೆ ಹಿಡಿದು ನೋಡಿ, ಅಂಗಡಿಯವನ ಬೆವರಿಳಿಸಿ ತಂದದ್ದು. ಕಾಲರು ಎಷ್ಟು ಗಟ್ಟಿ ಎಂದರೆ ಹಾಕಿಕೊಂಡವನು ತನ್ನ ಕಾಲನ್ನು ತಾನು ನೋಡುವ ಹಾಗಿರಲಿಲ್ಲ. ಬೆಳಿಗ್ಗೆ ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತ ಡಾಂಬರಣ್ಣನಿಗೆ, ಸುಣ್ಣ ಬಳಿದ ಗೋಡೆಗೆ ಯಾರೋ ಇದ್ದಿಲು ಮೂಟೆ ಒರಗಿಸಿಟ್ಟ ಹಾಗೆ ಕಾಣಿಸಿತು.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಕುರ್ಚಿ ಕಾರ್ಖಾನೆಯ ಗ್ಯಾಸ್ ಶೆಡ್ಡಿಗೆ ಸೇರಿದ ಮೇಲೆ ಅದು ಎಲ್ಲಿ ಹೋಯಿತೋ ಅವನಿಗೇ ಗೊತ್ತಿಲ್ಲ. ಆ ಶೆಡ್ಡಿನಲ್ಲಿ ಕಬ್ಬಿಣದ ಒಂದು ದೊಡ್ಡ ಒಲೆ ಇದೆ. ಕುರ್ಚಿ ಮಾಡಿ ಉಳಿದ ಮರದ ತುಂಡುಗಳನ್ನು ಅದರ ಬಾಯಿಗೆ ಸುರಿದು, ಅರೆಹೊಟ್ಟೆ ಗಾಳಿ ಕೊಟ್ಟು, ಉರಿಯಲೂ ಬಿಡದೆ ಆರಲೂ ಬಿಡದೆ ಸತಾಯಿಸಿದರೆ ಅದು ಗ್ಯಾಸು ಬಿಡುತ್ತದೆ. ಆ ಗ್ಯಾಸಿಗೆ ಎಂಜಿನ್ನು ಓಡುತ್ತದೆ, ಎಂಜಿನ್ನಿಗೆ ಗರಗಸ ಓಡುತ್ತದೆ, ಗರಗಸಕ್ಕೆ ಕಾರ್ಖಾನೆ ಓಡುತ್ತದೆ. ಇಷ್ಟೇ ಆಗಿದ್ದರೆ ಡಾಂಬರಣ್ಣ ಸುಖಪುರುಷ. ಆದರೆ ಗ್ಯಾಸಿನ ಜೊತೆಗೆ, ಕರೆಯದಿದ್ದರೂ ಊಟದ ಹೊತ್ತಿಗೆ ಸರಿಯಾಗಿ ಬರುವ ನೆಂಟನ ಹಾಗೆ, ಟಾರೂ ಬರುತ್ತದೆ. ಬಿಸಿ ಇದ್ದಾಗ ಹೊಗೆ, ತಣ್ಣಗಾದರೆ ಕರಿ ಅಂಟು. ರಸ್ತೆಗೆ ಹಾಕುವ ಡಾಂಬರಿನ ಸ್ವಂತ ತಮ್ಮ. ಪೈಪಿನಲ್ಲಿ ಕೂತರೆ ಏಳುವುದಿಲ್ಲ, ಎಂಜಿನ್ನಿನ ಗಂಟಲಲ್ಲಿ ಕೂತರೆ ಎಂಜಿನ್ನೇ ಏಳುವುದಿಲ್ಲ. ಅದನ್ನು ಸೋಸುವುದು, ತೊಳೆಯುವುದು, ಕೆರೆಯುವುದು ಇವನ ಕೆಲಸ. ಹೀಗೆ ಅವನು ಊರಿಗೆಲ್ಲ ಡಾಂಬರಣ್ಣ. ದಿನಾ ಸಂಜೆ ಹೆಂಡತಿ ಸೀಮೆಎಣ್ಣೆ ಬಾಟಲಿ ಮತ್ತು ಹಳೇ ಚಿಂದಿ ಹಿಡಿದು ಗೇಟಿನಲ್ಲೇ ಅವನನ್ನು ಸ್ವಾಗತಿಸುತ್ತಿದ್ದಳು. ಕೈ ಒರೆಸದೆ ಹೊಸಿಲು ದಾಟುವ ಹಾಗಿಲ್ಲ.

ಇವತ್ತು ಆ ಬಾಟಲಿಗೆ ಬೀಳ್ಕೊಡುಗೆ. ಕಾರ್ಖಾನೆಯ ಸೂಪರ್‌ವೈಸರ್ ಕೆಲಸ ಬಿಟ್ಟು ಮಗಳ ಊರಿಗೆ ಹೋಗಿದ್ದರು. ಅವರ ಗಾಜಿನ ರೂಮು ಖಾಲಿ ಬಿದ್ದಿತ್ತು. ಫ್ಯಾನು, ಮೇಜು, ಕೈ ಇರುವ ಕುರ್ಚಿ ಎಲ್ಲ ಇರುವ ರೂಮು. ಕಾರ್ಖಾನೆಯ ಒಡತಿ ಮೇಡಂ ಎಲ್ಲರೆದುರೇ ಹೇಳಿದ್ದರು: "ನೋಡಪ್ಪಾ, ನಾನು ಬಂದಾಗ ಎಂಜಿನ್ ಓಡ್ತಾ ಇರ್ಬೇಕು. ಗ್ಯಾಸಿಗೆ ಬಿಳಿ ಬಟ್ಟೆ ಹಿಡೀತೀನಿ. ಬಟ್ಟೆ ಬಿಳಿಯಾಗೇ ಉಳೀತಾ, ಆ ಕುರ್ಚಿ ನಿಂದು."

"ರೀ, ಈ ಅಂಗಿ ಮೇಲೆ ಒಂದು ಚುಕ್ಕೆ ಬಿತ್ತೋ, ನೀವು ಇವತ್ತು ಮನೆಗೆ ಬರೋದೇ ಬೇಡ," ಎಂದಳು ಹೆಂಡತಿ, ಕೊನೆಯ ಗುಂಡಿ ಹಾಕುತ್ತಾ.

"ಲೇ, ಚೀಲದಲ್ಲಿ ಇಟ್ಕೊಂಡು ಹೋಗ್ತೀನಿ ಕಣೇ. ಗೆದ್ಮೇಲೆ ಹಾಕೋತೀನಿ."

"ಹೂಂ, ಚೀಲದಲ್ಲಿಟ್ಟು ಮುದುರಿ, ಸೂಪರ್‌ವೈಸರ್ ಆದ ಮೊದಲನೇ ದಿನಾನೇ ಹಾಸಿಗೆಯಿಂದ ಎದ್ದು ಬಂದಂಗೆ ಕಾಣಿ. ಹಾಕ್ಕೊಂಡೇ ಹೋಗಿ. ಮೇಲೆ ಇದನ್ನ ತೊಟ್ಕೊಳ್ಳಿ."

ಇದು ಎಂದರೆ ಅವಳ ಪ್ಲಾಸ್ಟಿಕ್ ರೇನ್‌ಕೋಟು. ಬಣ್ಣ ಗುಲಾಬಿ. ಮೇಲೆ ಬಾತುಕೋಳಿಗಳು.

ಆಕಾಶದಲ್ಲಿ ಒಂದು ಮೋಡವಿಲ್ಲ. ಗೇಟು ತೆಗೆದದ್ದೇ ತಡ, ಎದುರುಮನೆ ಆಂಟಿ ಕಾಂಪೌಂಡಿನ ಮೇಲಿಂದ ತಲೆ ತೂರಿಸಿದರು. ಈ ಬೀದಿಯಲ್ಲಿ ಸೀನಿದರೆ ಯಾರ ಮೂಗು ಎಂದು ಹೇಳಬಲ್ಲ ಆಂಟಿ ಅವರು.

"ಏನಪ್ಪಾ ಡಾಂಬರಣ್ಣ, ಮಳೆ ಬರುತ್ತಾ?"

"ಬರಲ್ಲ ಆಂಟಿ."

"ಮತ್ತೆ ಕೋಟು?"

"ಅವರು ಸೂಪರ್‌ವೈಸರ್ ಆಗ್ತಿದ್ದಾರೆ ಆಂಟೀ!" ಎಂದು ಒಳಗಿಂದ ಹೆಂಡತಿ ಕೂಗಿದಳು. ಬೀದಿಯ ಉಳಿದ ಕಿಟಕಿಗಳೂ ತೆರೆದುಕೊಂಡವು.

"ಓ, ಸೂಪರ್‌ವೈಸರ್‌ಗಳು ಹಿಂಗೆ ಹಾಕ್ಕೋತಾರಾ?" ಎಂದರು ಆಂಟಿ, ಬಾತುಕೋಳಿಗಳನ್ನು ಒಂದೊಂದಾಗಿ ನೋಡುತ್ತಾ.

ಡಾಂಬರಣ್ಣ ತಲೆ ತಗ್ಗಿಸಬೇಕೆಂದುಕೊಂಡ. ಕಾಲರು ಬಿಡಲಿಲ್ಲ.

ಕಾರ್ಖಾನೆಗೆ ಕಾಲಿಟ್ಟಾಗ ಗ್ಯಾಸ್ ಶೆಡ್ಡಿನ ಮುಂದೆ ನೀರು ಹರಿಯುತ್ತಿತ್ತು. ಸೀರೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಬ್ರಷ್ಷು ಹಿಡಿದು, ಕುರ್ಚಿಗಳಿಗೆ ಪಾಲಿಶ್ ಹಾಕುವ ಪಾಲಿಶ್ ಅಕ್ಕ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಒಲೆಗೆ ಹಾಕುವ ಕಟ್ಟಿಗೆ ತುಂಡುಗಳು ಸ್ನಾನ ಮುಗಿಸಿದ ಮಕ್ಕಳ ಹಾಗೆ ಸಾಲಾಗಿ ಮಿರಿಮಿರಿ ಮಿಂಚುತ್ತಿದ್ದವು.

"ಅಕ್ಕಾ, ಏನಿದು?"

"ಬಾರೋ ತಮ್ಮಾ! ನಿಂಗೋಸ್ಕರ ಬೆಳಿಗ್ಗೆನೇ ಬಂದೆ. ಎಷ್ಟು ಧೂಳಿತ್ತು ಗೊತ್ತಾ ಇವುಗಳ ಮೇಲೆ? ಗ್ಯಾಸು ಕ್ಲೀನಾಗಿ ಬರ್ಬೇಕು ಅಂದ್ರೆ ಮೊದ್ಲು ಕಟ್ಟಿಗೆ ಕ್ಲೀನಾಗಿರ್ಬೇಕಲ್ವಾ? ಒಂದೊಂದನ್ನೂ ಸೋಪು ಹಾಕಿ ಉಜ್ಜಿದೀನಿ."

ಡಾಂಬರಣ್ಣನಿಗೆ ನಿಂತ ನೆಲ ಬಾಯಿಬಿಟ್ಟ ಹಾಗಾಯಿತು. ಕಟ್ಟಿಗೆ ಒಣಗಿದ್ದಷ್ಟೂ ಒಲೆ ಕಾಯುತ್ತದೆ, ಒಲೆ ಕಾದಷ್ಟೂ ಟಾರು ಅಲ್ಲೇ ಕೆಂಡದಲ್ಲಿ ಸುಟ್ಟು ಹೋಗುತ್ತದೆ. ಒದ್ದೆ ಕಟ್ಟಿಗೆ ಹಾಕಿದರೆ ಒಲೆ ನೆಗಡಿ ಬಂದವರ ಹಾಗೆ ಮುಸುಮುಸು ಅನ್ನುತ್ತದೆ, ಬರುವುದೆಲ್ಲ ಕರಿ ಸಿಂಬಳ.

"ಎಲ್ಲಾ ತೊಳೆದ್ಬಿಟ್ಯಾ ಅಕ್ಕಾ? ಒಂದಾದ್ರೂ ಉಳಿಸಿದೀಯಾ?"

"ಛೇ, ಭೇದಭಾವ ಮಾಡೋಳಲ್ಲ ನಾನು. ಗೋಡೌನಲ್ಲಿರೋದನ್ನೂ ತಂದು ತೊಳೆದೆ."

ಬೈಯಲು ಬಾಯಿ ತೆರೆದ. ಅವಳ ಕೈಯ ಚರ್ಮ ನೀರಿನಲ್ಲಿ ನೆನೆದು ಮುದುರಿಕೊಂಡದ್ದು ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿಕೊಂಡು ಒದ್ದೆ ತುಂಡುಗಳನ್ನು ತಗಡಿನ ಮೇಲೆ ಹರಡಿದ. ನಿನ್ನೆ ಒಲೆಯಲ್ಲಿ ಉಳಿದ ಇದ್ದಿಲನ್ನೇ ಕೆದಕಿ, ಊದಿ, ಕಡಿಮೆ ಒದ್ದೆ ಇರುವ ತುಂಡುಗಳನ್ನು ಆರಿಸಿ ಹಾಕಿ, ಎಂಜಿನ್ನನ್ನು ಹೇಗೋ ಎಬ್ಬಿಸಿದ. ಗರಗಸಗಳು ಗುಂಯ್ ಎಂದವು. ಸದ್ಯ, ಟಾರು ಎಷ್ಟೇ ಬಂದರೂ ಸೋಸುವ ಡ್ರಮ್ಮುಗಳಿವೆಯಲ್ಲ ಎಂದು ಧೈರ್ಯ ತಂದುಕೊಂಡ. ಮೊದಲನೇ ಡ್ರಮ್ಮಿನಲ್ಲಿ ಗ್ಯಾಸಿಗೆ ನೀರಿನ ಷವರು. ಎರಡನೇದರಲ್ಲಿ ಮರದ ಹೊಟ್ಟು ತುಂಬಿರುತ್ತದೆ, ಗ್ಯಾಸು ಅದರೊಳಗೆ ನುಸುಳಿಕೊಂಡು ಬರುವಾಗ ಟಾರು ಹೊಟ್ಟಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ.

ಆದರೆ ಎರಡನೇ ಡ್ರಮ್ಮು ಇವತ್ತು ವಿಚಿತ್ರವಾಗಿ ಗೊರಗುಟ್ಟುತ್ತಿತ್ತು. ಮುಚ್ಚಳ ಉಬ್ಬಿತ್ತು, ಸಿಟ್ಟಿಗೆದ್ದವರ ಕೆನ್ನೆಯ ಹಾಗೆ. ಅದರ ಪಕ್ಕದಲ್ಲಿ ಬಡಗಿಗಳ ಮುಖ್ಯಸ್ಥ ಮೇಸ್ತ್ರಿ ಕೈ ಹಿಂದೆ ಕಟ್ಟಿಕೊಂಡು, ತಾನೇ ಹೆತ್ತ ಮಗುವನ್ನು ನೋಡುವಂತೆ ನೋಡುತ್ತಿದ್ದರು.

"ಮೇಸ್ತ್ರೀ, ನೀವೇನಾದ್ರೂ ಮಾಡಿದ್ರಾ ಇದಕ್ಕೆ?"

"ಮಾಡ್ದೆ ಇರ್ತೀನಾ? ನೀನು ಒಳಗೆ ತುಂಬಿದ್ದೆಯಲ್ಲ, ಆ ಒರಟು ಹೊಟ್ಟು, ಅದನ್ನ ಸೊಸೆ ಹಿಟ್ಟು ಜರಡಿ ಹಿಡಿಯೋ ಥರ ಹಿಡಿದೆ. ಅರ್ಧಕ್ಕರ್ಧ ದಪ್ಪ ಚೂರು! ಎಲ್ಲಾ ಬಿಸಾಕಿ, ಉಪ್ಪುಕಾಗದ ತಿಕ್ಕಿದ ನುಣ್ಣನೆ ಪುಡಿ ತುಂಬಿದೀನಿ. ಪೌಡರ್ರು! ಒಂದು ಸೊಳ್ಳೆ ಕೂಡ ದಾಟಲ್ಲ."

"ಗ್ಯಾಸು ದಾಟ್ಬೇಕಲ್ಲ ಮೇಸ್ತ್ರೀ!"

ಮೇಸ್ತ್ರಿ ಯೋಚಿಸಿದರು. "ಅದು ನಿನ್ನ ಡಿಪಾರ್ಟ್‌ಮೆಂಟು," ಎಂದರು.

ಹಾಗೆನ್ನುವುದಕ್ಕೂ ಮುಚ್ಚಳ ಹಾರುವುದಕ್ಕೂ ಸರಿಹೋಯಿತು. ಢಬ್! ಒಳಗಿದ್ದ ಪೌಡರು, ನೀರು, ಟಾರು ಮೂರೂ ಒಟ್ಟಿಗೆ ಸೂರಿಗೆ ಹೋಗಿ ಬಡಿದು, ಅಲ್ಲಿಂದ ಇಳಿದು ಬಂದವು. ಮೇಸ್ತ್ರಿಯ ಬಿಳಿ ಮೀಸೆ ಹರೆಯಕ್ಕೆ ಬಂತು. ಡಾಂಬರಣ್ಣನ ಮೇಲಿದ್ದ ಗುಲಾಬಿ ಬಾತುಕೋಳಿಗಳು ಕಾಗೆಗಳಾದವು. ಎಂಜಿನ್ನು ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಕಾರ್ಖಾನೆಯ ಗರಗಸಗಳೆಲ್ಲ ಅರ್ಧ ಹಲಗೆಯಲ್ಲಿ ಸ್ತಬ್ಧ.

ಡಾಂಬರಣ್ಣ ಬೆರಳಿನಿಂದ ರೇನ್‌ಕೋಟಿನ ಕುತ್ತಿಗೆ ಎಳೆದು ಒಳಗೆ ಇಣುಕಿದ. ಅಂಗಿ ಬೆಳ್ಳಗಿತ್ತು. ಅಲ್ಲಿಂದ ಬಂದ ಬೆಳಕಿಗೆ ಕಣ್ಣು ಕೋರೈಸಿತು. ಹೋದ ಜೀವ ಬಂತು.

ಅಷ್ಟರಲ್ಲಿ ಪಾಲಿಶ್ ಅಕ್ಕ ಓಡೋಡಿ ಬಂದಳು. "ತಮ್ಮಾ, ಮೇಡಂ ಫೋನ್ ಮಾಡಿದ್ರು! ಸಂಜೆ ಅಲ್ವಂತೆ, ಊಟ ಆದ್ಮೇಲೆನೇ ಬರ್ತಾರಂತೆ!"

ಬಂದ ಜೀವ ಮತ್ತೆ ಹೋಯಿತು.

ಅವನು ಪೌಡರನ್ನೆಲ್ಲ ತೋಡಿ ತೆಗೆದ. ಮೇಸ್ತ್ರಿ ಬಿಸಾಕಿದ್ದ ಒರಟು ಹೊಟ್ಟನ್ನು ಕಸದ ಗುಂಡಿಯಿಂದ ಬಾಚಿ ತಂದು, ಕೆಳಗೆ ದಪ್ಪ ಸಿಪ್ಪೆ, ಮೇಲೆ ಸಣ್ಣ ಹೊಟ್ಟು ಮಾಡಿ, ಹಾಸಿಗೆ ಹಾಸುವಷ್ಟು ಮುತುವರ್ಜಿಯಿಂದ ಡ್ರಮ್ಮು ತುಂಬಿದ. ಪೈಪುಗಳನ್ನು ಕೆರೆದ. ಎಂಜಿನ್ನಿನ ಗಂಟಲನ್ನು ಒರೆಸಿದ. ರೇನ್‌ಕೋಟಿನೊಳಗೆ ಬೆವರು ಕಾಲುವೆಯಾಗಿ ಹರಿದು ಬೂಟಿನಲ್ಲಿ ಪಚಪಚ ಅನ್ನುತ್ತಿತ್ತು. ಎಲ್ಲ ಸಿದ್ಧವಾಯಿತು, ಒಂದನ್ನು ಬಿಟ್ಟು. ಒಣ ಕಟ್ಟಿಗೆ ಎಲ್ಲಿ?

ತಗಡಿನ ಮೇಲೆ ಹರಡಿದ್ದು ಇನ್ನೂ ಹಸಿ. ಹೊಸ ಹಲಗೆಗಳೂ ಹಸಿ. ಮಾಡಿಟ್ಟ ಕುರ್ಚಿಗಳನ್ನು ಮುಟ್ಟುವ ಹಾಗಿಲ್ಲ, ಮುಟ್ಟಿದರೂ ಪಾಲಿಶಿನ ಹೊಗೆ ಟಾರಿಗೆ ಅಣ್ಣನಾಗುತ್ತದೆ.

"ಒಣಗಿರೋದು ಅಂದ್ರೆ," ಎಂದರು ಮೇಸ್ತ್ರಿ, ಕರಿ ಮೀಸೆ ನೇವರಿಸುತ್ತಾ, "ಈ ಕಾರ್ಖಾನೆಲಿ ನಾನೊಬ್ಬ. ನನ್ನ ಬಿಟ್ರೆ ಅದು." ಅವರ ಬೆರಳು ಗಾಜಿನ ರೂಮನ್ನು ತೋರಿಸಿತು.

ಮೂವರೂ ಒಳಗೆ ಹೋದರು. ಸೂಪರ್‌ವೈಸರರ ಕುರ್ಚಿ. ಮೇಸ್ತ್ರಿಯ ಗುರುಗಳು ತಮ್ಮ ಕೈಯಾರೆ ಮಾಡಿದ್ದಂತೆ. ಬಣ್ಣ, ಪಾಲಿಶು ಎಲ್ಲ ಕೂತು ಕೂತೇ ಸವೆದಿತ್ತು. ಅಷ್ಟು ವರ್ಷ ಫ್ಯಾನಿನ ಗಾಳಿ ಕುಡಿದು ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತಿತ್ತು. ಜೊತೆಗೆ ಅದೇ ಜಾತಿಯ ಮೇಜು, ಅದೇ ಜಾತಿಯ ಕಪಾಟು.

"ಬೇಡ ಕಣೋ," ಎಂದಳು ಪಾಲಿಶ್ ಅಕ್ಕ, ಕಣ್ಣು ತುಂಬಿಕೊಂಡು. "ಅದು ನಿನ್ನ ಕುರ್ಚಿ."

"ಎಂಜಿನ್ ಓಡದೆ ಇದ್ರೆ ಯಾರ ಕುರ್ಚಿನೋ ಏನೋ ಅಕ್ಕಾ. ಓಡಿದ್ರೆ ಇನ್ನೊಂದು ಮಾಡ್ಕೋಬಹುದು. ನಾವಿರೋದು ಕುರ್ಚಿ ಕಾರ್ಖಾನೆಲಿ ತಾನೇ?"

ಮಾತು ಸರಿಯಾಗಿಯೇ ಇತ್ತು. ಆದರೂ ಅವನು ಕೈಗರಗಸ ಎತ್ತುವ ಮೊದಲು ಫ್ಯಾನು ಹಾಕಲು ಗುಂಡಿ ಒತ್ತಿದ. ಎಂಜಿನ್ನು ನಿಂತಿತ್ತು, ಫ್ಯಾನು ತಿರುಗಲಿಲ್ಲ. ಇರಲಿ ಎಂದು ಕುರ್ಚಿಯ ಮೇಲೆ ಕಾಗದ ಹಾಸಿ ಕೂತ. ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟ. ಗಾಜಿನಾಚೆ ಕಾರ್ಖಾನೆಯೆಲ್ಲ ಅಂಗೈ ಮೇಲಿನ ಗೆರೆಯ ಹಾಗೆ ಕಾಣುತ್ತಿತ್ತು. ಮೇಸ್ತ್ರಿ ಮುಖ ಆಚೆ ತಿರುಗಿಸಿದರು. ಅಕ್ಕ ಫೋನಿನಲ್ಲಿ ಒಂದು ಫೋಟೋ ತೆಗೆದಳು.

ಆಮೇಲೆ ಎದ್ದು, ಕೂತಿದ್ದ ಕುರ್ಚಿಯನ್ನೇ ಕೊಯ್ದ.

ಏನು ಕಟ್ಟಿಗೆ ಅದು! ಒಲೆಗೆ ಬಿದ್ದದ್ದೇ ಹಬ್ಬದೂಟ ಸಿಕ್ಕಿದ ಹಾಗೆ ಒಲೆ ಬುಸುಗುಟ್ಟಿತು. ಕೆಂಡ ಕೆಂಪು ದಾಟಿ ಹಳದಿಗೆ ತಿರುಗಿತು. ಕುರ್ಚಿಯ ಕಾಲು ಹೋದವು, ಕೈ ಹೋದವು, ಬೆನ್ನು ಹೋಯಿತು. ಆ ಕಾವಿನಲ್ಲಿ ಟಾರು ಹುಟ್ಟಿದಲ್ಲೇ ಸುಟ್ಟಿತು, ಅಪ್ಪಿತಪ್ಪಿ ಉಳಿದದ್ದನ್ನು ನೀರು ತೊಳೆಯಿತು, ಅಲ್ಲೂ ತಪ್ಪಿಸಿಕೊಂಡದ್ದನ್ನು ಹೊಟ್ಟು ಹಿಡಿಯಿತು. ಎಂಜಿನ್ನು ಒಂದೇ ಎಳೆತಕ್ಕೆ ಎದ್ದು, ಇದುವರೆಗೂ ಯಾರೂ ಕೇಳದಂಥ ಸಣ್ಣ ದನಿಯಲ್ಲಿ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರ್ ಎನ್ನತೊಡಗಿತು. ಗರಗಸಗಳು ಹಾಡಿದವು. ಖಾಲಿ ಗಾಜಿನ ರೂಮಿನಲ್ಲಿ ಫ್ಯಾನು ತನ್ನಷ್ಟಕ್ಕೆ ತಿರುಗತೊಡಗಿತು.

ಮೇಡಂ ಬಂದಾಗ ಕಪಾಟೂ ಮುಗಿದು ಮೇಜಿನ ಕಾಲುಗಳು ಒಲೆಯಲ್ಲಿದ್ದವು.

ಮೇಡಂ ಎಂದರೆ ಕಿಟಕಿಯ ಸಂದಿಗೆ ಬೆರಳು ಹಾಕಿ ಧೂಳು ನೋಡುವವರು. ಅವರು ಎಂಜಿನ್ನಿಗೆ ಕಿವಿಗೊಟ್ಟರು. ಹುಬ್ಬು ಮೇಲೇರಿತು. ಡಾಂಬರಣ್ಣನ ಮೈಮೇಲಿನ ಕರಿ ಬಾತುಕೋಳಿಗಳನ್ನು ನೋಡಿದರು. ಹುಬ್ಬು ಕೆಳಗಿಳಿಯಿತು.

"ಎಂಜಿನ್ ಓಡ್ತಿದೆ, ಸರಿ. ಬಿಳಿ ಬಟ್ಟೆ ಕೊಡಿ."

ಎಲ್ಲರೂ ಪಾಲಿಶ್ ಅಕ್ಕನತ್ತ ನೋಡಿದರು. ಪರೀಕ್ಷೆಯ ಬಟ್ಟೆ ಅವಳ ಸುಪರ್ದಿಯಲ್ಲಿತ್ತು. ಅವಳು ಬೆನ್ನ ಹಿಂದಿನಿಂದ ಅದನ್ನು ಮೆಲ್ಲಗೆ ತೆಗೆದಳು. ಅದು ಕಪ್ಪು ಕಂದು ಬಣ್ಣದ, ಹುಳಿ ವಾಸನೆಯ ಒಂದು ಉಂಡೆಯಾಗಿತ್ತು.

"ಮೇಸ್ತ್ರಿ ಮೀಸೆ ಒರೆಸ್ದೆ ಮೇಡಂ," ಎಂದಳು. "ಪಾಪ, ಕಣ್ಣೂ ಮೂಗೂ ಒಂದೂ ಕಾಣ್ತಿರ್ಲಿಲ್ಲ."

"ಹಾಗಾದ್ರೆ ಇವತ್ತು ಟೆಸ್ಟ್ ಇಲ್ಲ. ನಾಳೆ ಊರಿಗೆ ಹೋಗ್ತೀನಿ, ಬಂದ್ಮೇಲೆ ನೋಡೋಣ."

ಮೇಡಂ ತಿರುಗಿದರು. ಡಾಂಬರಣ್ಣ ಒಲೆಯ ಕಡೆ ನೋಡಿದರೆ ಮೇಜಿನ ಕೊನೆಯ ಕಾಲು ಉರಿಯುತ್ತಿತ್ತು. ಇಂಥ ಒಣ ಕಟ್ಟಿಗೆ ನಾಳೆಗೆ ಇಲ್ಲ. ನಾಡಿದ್ದಿಗೂ ಇಲ್ಲ. ಇರುವುದು ಇವತ್ತು, ಈ ಗಳಿಗೆ, ಮತ್ತೆ ಮೈಮೇಲೆ...

"ಮೇಡಂ, ನಿಲ್ಲಿ!"

ಅವನು ರೇನ್‌ಕೋಟಿನ ಗುಂಡಿ ಕಿತ್ತ. ಇಡೀ ಕಾರ್ಖಾನೆಯಲ್ಲಿ ಅಷ್ಟು ಬೆಳ್ಳಗಿನ ವಸ್ತುವನ್ನು ಯಾರೂ ನೋಡಿರಲಿಲ್ಲ. ಬಡಗಿಗಳು ಗರಗಸ ನಿಲ್ಲಿಸಿದರು.

"ಅಯ್ಯೋ, ಹೊಸ ಅಂಗಿ ಕಣೋ!" ಎಂದು ಅಕ್ಕ ಕಿರುಚಿದಳು. "ನಿನ್ನ ಹೆಂಡ್ತಿ ನಿನ್ನ ಸುಮ್ನೆ ಬಿಡ್ತಾಳಾ?"

"ಗ್ಯಾಸ್ ಚೆನ್ನಾಗಿದ್ರೆ ಬಿಡ್ತಾಳೆ ಅಕ್ಕಾ."

ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ ನಿಂತು, ಎಂಜಿನ್ನಿಗೆ ಗ್ಯಾಸು ಹೋಗುವ ಪೈಪಿಗಿದ್ದ ಸಣ್ಣ ನಲ್ಲಿಯ ಬಾಯಿಗೆ ಅಂಗಿಯ ಬೆನ್ನನ್ನು ಹಿಡಿದ. ಮೇಸ್ತ್ರಿ ನಲ್ಲಿ ತಿರುಗಿಸಿದರು. ಗ್ಯಾಸು ಸುಂಯ್ ಎಂದು ಅಂಗಿಯೊಳಗೆ ನುಗ್ಗಿತು. ಅಂಗಿ ಉಬ್ಬಿತು, ತೋಳೆರಡೂ ಗಾಳಿಯಲ್ಲಿ ಎದ್ದವು, ಒಳಗೆ ಯಾರೋ ದಪ್ಪನೆಯ ಮನುಷ್ಯ ಹೊಕ್ಕ ಹಾಗೆ. ಡಾಂಬರಣ್ಣ ಕಣ್ಣು ಮುಚ್ಚಿಕೊಂಡ. ಕಣ್ಣೊಳಗೆ ಹೆಂಡತಿ ಕಂಡಳು, ಕೈಯಲ್ಲಿ ಸೀಮೆಎಣ್ಣೆ ಬಾಟಲಿ.

"ಸಾಕು," ಎಂದರು ಮೇಡಂ.

ಅಂಗಿಯನ್ನು ಕಸಿದು ಬೆಳಕಿಗೆ ಹಿಡಿದರು, ಥೇಟು ಅಂಗಡಿಯಲ್ಲಿ ಅವನ ಹೆಂಡತಿ ಹಿಡಿದ ಹಾಗೆ. ಬೆರಳಿನಿಂದ ಉಜ್ಜಿದರು. ಬೆರಳು ನೋಡಿಕೊಂಡರು. ಕನ್ನಡಕ ತೆಗೆದು, ಅಂಗಿಯ ತುದಿಯಲ್ಲೇ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

ಒಂದು ಚುಕ್ಕೆ ಇಲ್ಲ. ಮೂಗಿಗೆ ಹಿಡಿದರೆ ವಾಸನೆ ಇತ್ತು, ಅದೂ ಬೆವರಿನದು.

"ಬೆಳ್ಳಗಿದೆ," ಎಂದರು ಮೇಡಂ, ತಮ್ಮನ್ನೇ ತಾವು ನಂಬದವರಂತೆ. ಆಮೇಲೆ ಜೋರಾಗಿ, "ಬೆಳ್ಳಗಿದೆ ಕಣ್ರೋ!"

ಕಾರ್ಖಾನೆಯ ಸೂರು ಹಾರಿಹೋಗುವಷ್ಟು ಚಪ್ಪಾಳೆ ಬಿತ್ತು. ಬಡಗಿಗಳು ಹಲಗೆ ಬಡಿದರು. ಮೇಸ್ತ್ರಿ ಡಾಂಬರಣ್ಣನನ್ನು ತಬ್ಬಿಕೊಂಡರು, ಅವನ ಬನಿಯನ್ನಿನ ಮೇಲೆ ಅವರ ಮೀಸೆ ಅಚ್ಚೊತ್ತಿತು. ಪಾಲಿಶ್ ಅಕ್ಕ, "ನಾನು ಕಟ್ಟಿಗೆ ತೊಳೆದಿದ್ದು ಸಾರ್ಥಕ ಆಯ್ತು!" ಎಂದು ಅತ್ತಳು. ಯಾರೂ ಅವಳನ್ನು ತಿದ್ದಲಿಲ್ಲ. ನಲ್ಲಿಗೆ ಕಡ್ಡಿ ಗೀರಿದರೆ ಹೊಗೆಯ ಸುಳಿವೇ ಇಲ್ಲದ ನೀಲಿ ಜ್ವಾಲೆ ಎದ್ದಿತು. ಡಾಂಬರಣ್ಣನ ಎದೆ ಆ ಅಂಗಿಯ ಹಾಗೇ ಉಬ್ಬಿತು.

"ಬಾರಯ್ಯಾ, ನಿನ್ನ ರೂಮಿಗೆ ಹೋಗೋಣ," ಎಂದರು ಮೇಡಂ. ಮೆರವಣಿಗೆ ಹೊರಟಿತು. ಬಾಗಿಲು ತೆಗೆದರೆ ಒಳಗೆ ತಿರುಗುವ ಫ್ಯಾನು ಬಿಟ್ಟು ಏನೂ ಇರಲಿಲ್ಲ.

"ಸಾಮಾನೆಲ್ಲಾ ಎಲ್ಲಿ?"

ಡಾಂಬರಣ್ಣ ಎಂಜಿನ್ನಿನ ಕಡೆ ಬೆರಳು ತೋರಿಸಿದ. "ಓಡ್ತಾ ಇದೆ ಮೇಡಂ."

ಎಲ್ಲವನ್ನೂ ಹೇಳಿದ. ತೊಳೆದ ಕಟ್ಟಿಗೆಯಿಂದ ಹಿಡಿದು ಕಪಾಟಿನವರೆಗೆ. ಮೇಡಂ ಉಸಿರು ಬಿಗಿಹಿಡಿದು ಕೇಳಿದರು. ಮುಗಿಯುವ ಹೊತ್ತಿಗೆ ಅವರ ಭುಜ ಕುಲುಕತೊಡಗಿತು. ಬಾಗಿಲು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬರುವವರೆಗೂ ನಕ್ಕರು.

"ಗ್ಯಾಸಿಗೋಸ್ಕರ ತನ್ನ ಕುರ್ಚಿನೇ ಸುಟ್ಟೋನು! ನಾನೂ ಎಷ್ಟೋ ಜನರನ್ನ ನೋಡಿದೀನಿ, ಕುರ್ಚಿ ಉಳಿಸ್ಕೊಳ್ಳೋಕೆ ಕಾರ್ಖಾನೆನೇ ಸುಡೋರು. ಇಂಥೋನನ್ನ ನೋಡಿರ್ಲಿಲ್ಲ."

"ಇನ್ನೊಂದು ಕುರ್ಚಿ ಮಾಡ್ಕೋತೀನಿ ಮೇಡಂ. ಮೇಸ್ತ್ರಿ ಇವತ್ತೇ ಅಳತೆ ತಗೋತಾರೆ..."

"ಕುರ್ಚಿ ಯಾತಕ್ಕಯ್ಯಾ?" ಮೇಡಂ ಕಣ್ಣೊರೆಸಿಕೊಂಡರು. "ಇಂಥಾ ಗ್ಯಾಸ್ ಈ ಕಾರ್ಖಾನೆ ಹುಟ್ಟಿದಾಗಿಂದ ಬಂದಿರ್ಲಿಲ್ಲ. ನಿನ್ನಂಥೋನನ್ನ ತಂದು ಗಾಜಿನೊಳಗೆ ಕೂರಿಸ್ಲಾ? ಅಷ್ಟು ದಡ್ಡಿನಾ ನಾನು? ನಾನು ಬದುಕಿರೋವರೆಗೂ ನಿನ್ನ ಆ ಒಲೆ ಮುಂದಿನಿಂದ ಯಾರೂ ಅಲ್ಲಾಡಿಸೋ ಹಾಗಿಲ್ಲ!"

ಮತ್ತೆ ಚಪ್ಪಾಳೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ಡಾಂಬರಣ್ಣನೇ. ಏನು ಹೇಳಿದರೆಂಬುದು ಅವನ ತಲೆಗೆ ಹೋದದ್ದು ಆಮೇಲೆ.

"ಮತ್ತೆ ಈ ರೂಮು, ಮೇಡಂ?"

ಮೇಡಂ ಕೈಯಲ್ಲಿದ್ದ ಅಂಗಿಯನ್ನು ನೋಡಿದರು. "ಮೇಸ್ತ್ರೀ, ಒಂದು ಹ್ಯಾಂಗರ್ ತನ್ನಿ."

ಸಂಜೆ ಬೀದಿಯ ಅಷ್ಟೂ ಜನ ಗೇಟಿನ ಬಳಿ ಕಾಯುತ್ತಿದ್ದರು. ಹೆಂಡತಿ ಬಾಗಿಲಲ್ಲಿ ಇಸ್ತ್ರಿ ಮಾಡಿದ ಸೀರೆಯಲ್ಲಿ ನಿಂತಿದ್ದಳು, ಬರಿಗೈಯಲ್ಲಿ. ಡಾಂಬರಣ್ಣ ತಲೆಯೆತ್ತಿ, ಎದೆ ಮುಂದೆ ಮಾಡಿ, ಬನಿಯನ್ನಿನ ಮೇಲೆ ಕರಿ ಮೀಸೆಯ ಅಚ್ಚು ಹೊತ್ತು, ತೋಳಿನ ಮೇಲೆ ಬಾತುಕೋಳಿಗಳನ್ನು ನೇತುಹಾಕಿಕೊಂಡು, ಯುದ್ಧ ಗೆದ್ದು ಬಂದವನ ಹಾಗೆ ಬಂದ. ಈಗ ತಲೆ ತಗ್ಗಿಸಲು ಅಡ್ಡಿ ಮಾಡುವ ಕಾಲರು ಇರಲಿಲ್ಲ. ಆದರೂ ತಗ್ಗಿಸಲಿಲ್ಲ.

"ಏನಪ್ಪಾ, ಏನಾಯ್ತು?" ಎಂದರು ಎದುರುಮನೆ ಆಂಟಿ.

"ಗೆದ್ದೆ ಆಂಟಿ! ಗ್ಯಾಸಲ್ಲಿ ಒಂದು ಚುಕ್ಕೆ ಟಾರಿಲ್ಲ! ಇಡೀ ಕಾರ್ಖಾನೆ ಎದ್ದು ನಿಂತು ಚಪ್ಪಾಳೆ ಹೊಡೀತು!"

ಬೀದಿಯೂ ಚಪ್ಪಾಳೆ ಹೊಡೆಯಿತು. ಹೆಂಡತಿ ಮಾತ್ರ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ರೀ, ಅಂಗಿ ಎಲ್ಲಿ?"

"ಗಾಜಿನ ರೂಮಲ್ಲಿದೆ ಕಣೇ. ಮೇಡಂ ತಾವೇ ಹ್ಯಾಂಗರಿಗೆ ಹಾಕಿ, ಗೋಡೆಗೆ ತೂಗುಹಾಕಿದ್ರು. ಒಂದು ಚುಕ್ಕೆ ಬಿದ್ದಿಲ್ಲ, ನಿನ್ನಾಣೆ. ಫ್ಯಾನ್ ಕೆಳಗೆ ಹಾಯಾಗಿದೆ."

"ನೀವು?"

"ನಾನಾ?" ಡಾಂಬರಣ್ಣ ತೋಳಿನ ಮೇಲಿನ ಬಾತುಕೋಳಿಗಳನ್ನು ಸರಿಮಾಡಿಕೊಂಡ. "ಮೇಡಂ ಇನ್ಮೇಲೆ ಪ್ರತಿ ಸೋಮವಾರ ಟೆಸ್ಟ್ ಮಾಡ್ತಾರಂತೆ. ಅದಕ್ಕೆ... ಇನ್ನೊಂದು ಬಿಳಿ ಅಂಗಿ ಬೇಕಂತೆ."

ಹೆಂಡತಿ ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅವಳು ಮತ್ತೆ ಬಾಗಿಲಿಗೆ ಬಂದಳು, ಒಂದು ಕೈಯಲ್ಲಿ ಸೀಮೆಎಣ್ಣೆ ಬಾಟಲಿ, ಇನ್ನೊಂದರಲ್ಲಿ ಚಿಂದಿ.

"ಆಂಟೀ," ಎಂದಳು ಬೀದಿಗೆಲ್ಲ ಕೇಳುವ ಹಾಗೆ, ಸೆರಗು ಸಿಕ್ಕಿಸಿಕೊಳ್ಳುತ್ತಾ, "ನಮ್ಮ ಮನೆಯಿಂದ ಒಬ್ರು ಸೂಪರ್‌ವೈಸರ್ ಆಗ್ತಾರೆ ಅಂದಿದ್ನಲ್ಲ, ಆದ್ರು. ನಾನು ಆರಿಸಿ ತಂದಿದ್ದೇ ಆಗಿದ್ದು." ಆಮೇಲೆ ಗಂಡನ ಕಡೆ ತಿರುಗಿದಳು. "ಎಲ್ಲಿ, ಕೈ ಚಾಚಿ."